ಶ್ರಾವಣದ ಗಿರಣಿ

“ಈ ತಿಂಗಳ ಆಗಂಗಿಲ್ಲವಾ, ತಗೊಂಡು ಹೋಗು,” ಎಂದು ಸೋಮಣ್ಣ ಮೆಹರುನ್ನಿಸಾಳ ಜೋಳದ ಚೀಲವನ್ನು ಗಿರಣಿಯ ಕಟ್ಟೆಯಿಂದ ಕೆಳಗಿಳಿಸಿಬಿಟ್ಟ.

ಹಿಟ್ಟಿನ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದ ಅವನ ಹೆಂಡತಿ ಪಾರವ್ವನ ಕೈ ಅಲ್ಲಿಯೇ ನಿಂತಿತು. ಕಲ್ಯಾಣ ಊರಿನ ಪೂರ್ವ ಭಾಗದಲ್ಲಿ ಈ ಗಿರಣಿ ಶುರುವಾದಾಗಿನಿಂದ ಮೆಹರುನ್ನಿಸಾ ಇಲ್ಲಿಯೇ ಬೀಸಿಸಿಕೊಂಡು ಹೋಗುವವಳು. ವಿಜಾಪುರದ ಕಡೆಯ ಹೆಂಗಸು. ಪಕ್ಕದ ಠಾಣೆ ಊರಿನ ಖಾನಾವಳಿಗೆ ರೊಟ್ಟಿ ಬಡಿದು ಕೊಟ್ಟು, ಆ ದುಡಿಮೆಯಲ್ಲೇ ಮಗಳನ್ನು ವಕೀಲಿ ಓದಿಸುತ್ತಿದ್ದಳು. ಮಧ್ಯಾಹ್ನದ ಊಟದ ಹೊತ್ತಿಗೆ ರೊಟ್ಟಿ ಮುಟ್ಟದಿದ್ದರೆ ಖಾನಾವಳಿಯವರು ಬೇರೆಯವರನ್ನು ಹಿಡಿಯುತ್ತಾರೆ. ಅದು ಸೋಮಣ್ಣನಿಗೂ ಗೊತ್ತಿದ್ದ ಮಾತೇ.

“ಯಾಕ್ರಿ ಅಣ್ಣಾರ?”

“ಶ್ರಾವಣ ಮುಗಿಯೂತನಕ ಕಲ್ಲು ಮಡೀಲೆ ಇಡ್ತೀನಂತ ಸ್ವಾಮಿಗಳ ಮುಂದ ಸಂಕಲ್ಪ ಮಾಡೀನಿ. ಬೀಸಿದವರ ಹಿಟ್ಟು ಒಂದಿಷ್ಟು ಕಲ್ಲಾಗ ಉಳದ ಉಳೀತೈತಿ. ನಿಂದು ಹೋಗಿ ಮುಂದಿನವರ ಪೂಜಿ ಹಿಟ್ಟಿನ್ಯಾಗ ಕೂಡಿದ್ರ? ನಿನ್ನ ಮ್ಯಾಲೆ ಸಿಟ್ಟಿಲ್ಲವಾ, ನಮ್ಮ ಧರ್ಮ ನಮಗ.”

ಮೆಹರುನ್ನಿಸಾ ಗೋಗರೆಯಲಿಲ್ಲ. “ಧರ್ಮ ನಿಮ್ಮ ಮನ್ಯಾಗ ಇರ್ಲಿ. ಅಂಗಡಿ ಬಾಗಲಾ ತಗದು ಕುಂತ ಮ್ಯಾಲೆ ಜಾತಿ, ಧರ್ಮ ನೋಡಿ ಯಾರನ್ನೂ ಹೊರಗ ಹಾಕಂಗಿಲ್ಲ. ಸಂವಿಧಾನದಾಗ ಬರದಾರಂತ. ನನ್ನ ಮಗಳು ಓದಿ ಹೇಳ್ಯಾಳ.”

“ಹಂಗಾರ ನಿನ್ನ ಮಗಳು ಕೋರ್ಟಿನ್ಯಾಗ ಹೇಳ್ಲಿ. ಕಲ್ಲು ನಂದು.”

ಪಾರವ್ವನ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಇದೇ ಕಲ್ಲಿನಿಂದ ಎಲ್ಲರ ಹಿಟ್ಟೂ ಎಲ್ಲರ ಮನೆಗೂ ಚೂರುಚೂರು ಹೋಗಿದೆ. ಈ ಚಾಳಿನ ಸಾಲುಮನೆಗಳಲ್ಲಿ ಯಾರ ಹೊಟ್ಟೆಯಲ್ಲಿ ಯಾರ ಜೋಳವಿಲ್ಲ? ಆದರೆ ಇದನ್ನೆಲ್ಲ ಗಂಡನಿಗೆ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಅವನ ನಾಡಿ ಮಿಡಿಯುವ ಜಾಗವೇ ಬೇರೆ, ಅದನ್ನು ಬಲ್ಲವಳು ಅವಳೊಬ್ಬಳೇ. ಸೆರಗು ಸಿಕ್ಕಿಸಿ ಚೀಲ ಎತ್ತಿದಳು.

“ಏ, ಏನ ಮಾಡಾಕತ್ತಿ?”

“ಅಂಗಡೀದು ಗುಮಾಸ್ತಾ ಲೈಸೆನ್ಸು ನನ್ನ ಹೆಸರಿಗೈತಿ. ನಾಳಿ ಪೊಲೀಸರು ಬಂದ್ರ ಹೋಗಾಕಿ ನಾನು. ಸಂಕಲ್ಪ ನಿಮ್ಮದು, ನೀವು ಮುಟ್ಟಬ್ಯಾಡ್ರಿ. ನಾ ಬೀಸ್ತೀನಿ.”

ಸೋಮಣ್ಣ ಗೋಡೆಯ ಕಡೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತ. ಪಾರವ್ವ ಜೋಳ ಸುರಿದು, ಕಲ್ಲು ಬಿಗಿ ಮಾಡುವ ಚಕ್ರವನ್ನು ಬೇಕೆಂದೇ ಸಡಿಲು ಬಿಟ್ಟು ಸ್ವಿಚ್ ಒತ್ತಿದಳು. ಗಿರಣಿ ಗಡಗಡ ಎಂದಿತು. ಸ್ವಲ್ಪ ಹೊತ್ತಿಗೆ ಬಿದ್ದ ಹಿಟ್ಟನ್ನು ಮೆಹರುನ್ನಿಸಾ ಬೆರಳ ನಡುವೆ ತಿಕ್ಕಿ ನೋಡಿದಳು.

“ಅಯ್ಯ ಅಕ್ಕಾ, ಇದು ರವಾ ಆಗೇತಲ್ಲ! ಬಡಿಯಾಕ ಹೋದ್ರ ಹರದು ಹೋಗ್ತೈತಿ. ಈ ಗಿರಣ್ಯಾಗ ಹಿಂಗ್ಯಾಕ?”

ಪಾಳಿಯಲ್ಲಿ ನಿಂತಿದ್ದ ಹೆಂಗಸರು ಕತ್ತು ಚಾಚಿದರು. ಒಬ್ಬಾಕೆ ತನ್ನ ಡಬ್ಬಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು.

“ರವಾ?” ಸೋಮಣ್ಣ ಚೇಳು ಕಡಿದವನಂತೆ ಎದ್ದ. “ನನ್ನ ಗಿರಣ್ಯಾಗ ರವಾ? ಸರಿ ಅತ್ತಾಗ!”

ಹೆಂಡತಿಯನ್ನು ಬದಿಗೆ ಸರಿಸಿ ಚಕ್ರ ತಿರುಗಿಸಿದ. ಕಲ್ಲಿನ ಸದ್ದಿಗೆ ಕಿವಿಗೊಟ್ಟು ಇನ್ನಷ್ಟು ಬಿಗಿದ. ಅದೇ ಹಿಟ್ಟನ್ನು ತಾನೇ ಬಾಚಿ ಬಾಚಿ ಮತ್ತೆ ಮೇಲಿನಿಂದ ಸುರಿದ. ಬಿಸಿ ಹಿಟ್ಟು ಧಾರೆಯಾಗಿ ಇಳಿಯುವಾಗ ಮೊಣಕೈವರೆಗೂ ಕೈ ಹಾಕಿ ತಿಕ್ಕಿದ, ಮೂಸಿದ, ತಲೆಯಾಡಿಸಿದ. ಪಾರವ್ವ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸೋಮಣ್ಣ ಒಂದು ಚಿಟಿಕೆ ಹಿಟ್ಟನ್ನು ಮೆಹರುನ್ನಿಸಾಳ ಅಂಗೈಗೆ ಹಾಕಿದ.

“ಈಗ ನೋಡು.”

“ಈಗ ಬೆಣ್ಣಿ ಆತ್ರಿ ಅಣ್ಣಾರ.”

ಸೋಮಣ್ಣ ಹೆಂಡತಿಯತ್ತ ಕೆಂಗಣ್ಣು ಬಿಟ್ಟ. ಚೀಲದ ಬಾಯಿ ತಾನೇ ಕಟ್ಟುತ್ತ ಮೆಹರುನ್ನಿಸಾಳಿಗೆ ಹೇಳಿದ:

“ಇನ್ನ ಮ್ಯಾಲೆ ಇಕಿ ಕೈಯಾಗ ಕೊಡಬ್ಯಾಡವಾ. ನನ್ನ ಕೈಯಾಗ ಕೊಡು.”