ಎರಡು ಚಮಚ

ಎಲೆಕ್ಟ್ರಿಷಿಯನ್ ಎರಡನೇ ಸಲ ಊದಿದಾಗಲೂ ಉಸಿರು ಅಳೆಯುವ ಯಂತ್ರ ಅದೇ ಅಂಕಿ ತೋರಿಸಿತು. ಕುಡಿತ ಬಿಟ್ಟವರ ಆ ಮನೆಯಲ್ಲಿ ಉಸಿರಿನಲ್ಲಿ ಮದ್ಯ ಕಂಡರೆ ಅಂದೇ ಹಾಸಿಗೆ ಖಾಲಿ ಮಾಡಬೇಕು. ತೊಂಬತ್ತೊಂದು ದಿನ ಮುಟ್ಟದೆ ಇದ್ದವನು, ಅಮ್ಮನ ಜೊತೆ ನಾಲ್ಕು ಗಂಟೆ ಹೊರಗೆ ಹೋಗಿಬಂದು ಈಗ ಗೋಡೆ ನೋಡುತ್ತ ನಿಂತಿದ್ದ.

“ತಪ್ಪು ನಂದು ಕಣಪ್ಪ,” ಎಂದಳು ಅಮ್ಮ. “ಕೆಮ್ತಿದ್ದ ಅಂತ ನಾನೇ ಸಿರಪ್ ಕುಡಿಸ್ದೆ. ಅದ್ರಲ್ಲೂ ಆ ಹಾಳು ಮದ್ಯ ಇರುತ್ತಂತಲ್ಲ?”

“ಎಷ್ಟು ಕುಡಿಸಿದ್ರಿ?” ಮನೆಯ ಮೇಲ್ವಿಚಾರಕ ಕೇಳಿದ.

“ಎರಡೇ ಚಮಚ.”

“ನಾನೂ ಹನ್ನೊಂದು ವರ್ಷ ಕುಡಿದೋನೇ ಅಮ್ಮ. ಎರಡು ಚಮಚಕ್ಕೆ ಈ ಯಂತ್ರ ಇಷ್ಟು ಕುಣಿಯಲ್ಲ.”

“ಸುಳ್ಳಾ ಹೇಳ್ತೀನಿ? ಇಗೋ, ನೋಡು!” ಅವಳು ಚೀಲದಿಂದ ಬಾಟಲಿ ತೆಗೆದು ಅವನ ಕೈಗಿಟ್ಟಳು.

ಮೇಲ್ವಿಚಾರಕ ಅದನ್ನು ತಿರುಗಿಸಿ ನೋಡಿದ. ಮುಚ್ಚಳದ ಸೀಲು ಒಡೆದಿರಲಿಲ್ಲ. ಅದರ ಮೇಲೆ ಬೆರಳಿಟ್ಟು ತೋರಿಸಿದ.

ಅಮ್ಮ ಬಾಟಲಿ ಕಿತ್ತುಕೊಂಡು ಅವನೆದುರೇ ಮುಚ್ಚಳ ತಿರುಚತೊಡಗಿದಳು. ಕರ್ಚೀಫು ಸುತ್ತಿ ತಿರುಚಿದಳು. ಅದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕೊನೆಗೆ ಬಾಟಲಿಯನ್ನು ಮತ್ತೆ ಮೇಲ್ವಿಚಾರಕನತ್ತ ಚಾಚಿದಳು.

“ನನ್ನ ಕೈಲಿ ಆಗ್ತಿಲ್ಲ ಮಗಾ. ನೀನೇ ಸ್ವಲ್ಪ ತೆಗೆದುಕೊಡು.”