ದಾಸವಾಳಕ್ಕೊಂದು ಕ್ಯಾಮೆರಾ

ಬೆಳಗಿನ ಪೂಜೆಗೆಂದು ಪಕ್ಕದ ಮನೆಯ ದಾಸವಾಳವನ್ನು ಆರು ವರ್ಷಗಳಿಂದ ಕದ್ದು ಕೊಯ್ಯುತ್ತಿದ್ದ ಪುಟ್ಟಗೌರಮ್ಮನಿಗೆ, ಆ ಮನೆಯ ಗೋಡೆಗೆ ಏಣಿ ಒರಗಿಸಿದ್ದು ಕಂಡೊಡನೆ ಎದೆ ಧಸಕ್ಕೆಂದಿತು. ಕ್ಯಾಮೆರಾ ಹಾಕುವವನು ಏಣಿಯ ಮೇಲೆ ನಿಂತು, ಗೋಡೆಗೆ ತೂತು ಕೊರೆದು ವೈರು ಎಳೆಯುತ್ತಿದ್ದ.

ಅವಳು ಕಾಂಪೌಂಡಿನ ಈಚೆಯಿಂದಲೇ ಮೆಲ್ಲಗೆ ಕೇಳಿದಳು. "ಏನಪ್ಪಾ, ಇದ್ರಲ್ಲಿ ಮೊಕ ಕಾಣ್ತದಾ?"

"ಮೂಗುಬೊಟ್ಟಿನ ಹರಳೂ ಕಾಣ್ತದೆ ಕಣಮ್ಮ, ಒಳಗೆ ಟೀವೀಲಿ."

"ಸೆರಗು ಮುಚ್ಕಂಡ್ರೆ?"

"ನೀವ್ಯಾಕೆ ಮುಚ್ಕತೀರಿ?"

ಅಷ್ಟರಲ್ಲಿ ಮನೆಯೊಡತಿ ಜವರಮ್ಮ ಒಳಗಿಂದ ಬಂದಳು. ಪುಟ್ಟಗೌರಮ್ಮ ಕಾಂಪೌಂಡಿನ ಮರೆಯಲ್ಲಿ ಕುಕ್ಕರಿಸಿದಳು. ಬೀದಿಯವರೆಲ್ಲ ಟೀವಿಯ ಮುಂದೆ ಕೂತು ತನ್ನ ಕಳ್ಳ ನಡಿಗೆ ನೋಡುವುದು ಕಣ್ಣಿಗೆ ಕಟ್ಟಿ, ಹೆದರಿಕೆಯ ನಡುವೆಯೂ ನಗು ಉಕ್ಕಿತು. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು.

"ದಾಸವಾಳದ ಗಿಡಕ್ಕೇ ತಿರುಗ್ಸಿದೀನಿ, ನೋಡಿ," ಎಂದ ಅವನು.

"ಗಿಡ ಬುಡಪ್ಪ, ಆಯಮ್ಮ ಕುಯ್ಕಳ್ಳಿ," ಜವರಮ್ಮ ದನಿ ತಗ್ಗಿಸಿದಳು. "ಪಕ್ಕದ ಮನೆ ಬಾಗ್ಲಿಗೆ ತಿರುಗ್ಸು. ಅವ್ಳು ಈ ಕಡೆ ಬಂದ್ಲು ಅಂತ ಗೊತ್ತಾದ್ರೆ ತಾನೆ, ನಾನು ಹಿತ್ಲಿಂದ ಹೋಗಿ ಅವ್ಳ ನಂದಿಬಟ್ಲು ಕುಯ್ಯೋದು."