ನೀಲಾಳ ಪಾಠದ ಡಬ್ಬಿ

ಶಾಲೆಯಲ್ಲಿ ಪ್ರತಿ ಮಗುವಿಗೂ ಪಾಠ ಹೇಳಿಕೊಡುವ ಒಂದು ಮಾತಾಡುವ ಯಂತ್ರ, ಪಾಠದ ಡಬ್ಬಿ ಇತ್ತು; ಅದು ಮಗುವಿನ ಜೊತೆ ಮನೆಗೂ ಹೋಗುತ್ತಿತ್ತು. ಅಲ್ಲಿ ಮನೆಯವರ ಮಾತು ಕೇಳಿ ಕಲಿತು, ಮರುದಿನ ತರಗತಿಯಲ್ಲಿ ಅದೇ ದನಿಯಲ್ಲಿ ಪಾಠ ಹೇಳುತ್ತಿತ್ತು. ಕೊಪ್ಪಳದ ಮಕ್ಕಳೆಲ್ಲ ಹಾಗೇ ಓದುತ್ತಿದ್ದರು.

ಒಂದು ದಿನ ಶಕುಂತಲಾ ಟೀಚರ್ ಟೈಲರ್ ಗವಿಸಿದ್ದಪ್ಪನನ್ನು ಶಾಲೆಗೆ ಕರೆಸಿ, ಅವನ ಮಗಳು ನೀಲಾಳ ಡಬ್ಬಿಗೆ ಬೇಕೆಂದೇ ತಪ್ಪು ಉತ್ತರ ಕೊಟ್ಟರು.

“ಕತ್ತೆ, ಇಷ್ಟೂ ತಿಳಿಯಂಗಿಲ್ಲೇನು ನಿನಗ?” ಎಂದು ಡಬ್ಬಿ ಗದರಿತು.

ಅದು ಗವಿಸಿದ್ದಪ್ಪನದೇ ದನಿ. ತರಗತಿಯ ಮಕ್ಕಳು ತಲೆಯೆತ್ತಿಯೂ ನೋಡಲಿಲ್ಲ. ಅವರಿಗೆ ಅದು ರೂಢಿಯಾಗಿತ್ತು. ಗವಿಸಿದ್ದಪ್ಪ ನೆಲ ನೋಡುತ್ತ ನಿಂತ.

“ಅಳಿಸಿಬಿಡ್ರಿ, ಟೀಚರ್.”

“ನಾನು ಅಳಸ್ತೀನ್ರಿ. ಮನ್ಯಾಗ ಮತ್ತ ಅದನ್ನ ಕಲಿತು ಬಂದ್ರ ಏನ್ ಮಾಡ್ಲಿ?” ಟೀಚರ್ ಮೆತ್ತಗೆ ಕೇಳಿದರು.

ಆ ಸಂಜೆ ಅವನು ಹೊಲಿಗೆ ನಿಲ್ಲಿಸಿ ಮಗಳ ಪಕ್ಕ ಕುಳಿತ. ಭಾಗಾಕಾರದಲ್ಲಿ ತಪ್ಪಿದ ನೀಲಾ ತಕ್ಷಣ ಎರಡೂ ಅಂಗೈಗಳಿಂದ ಡಬ್ಬಿಯನ್ನು ಮುಚ್ಚಿ ಹಿಡಿದಳು.

“ಯಾಕವ್ವ?”

“ನೀ ಬೈಯೂದು ಅದಕ್ಕ ಕೇಳಬಾರ್ದು. ಟೀಚರ್ ಮತ್ತ ನಿನ್ನ ಕರಸ್ತಾರ,” ಎಂದು ಪಿಸುಗುಟ್ಟಿದಳು. “ಈಗ ಬೈಯಪ್ಪ.”

ಗವಿಸಿದ್ದಪ್ಪ ಅವಳ ಕೈಗಳನ್ನು ಒಂದೊಂದಾಗಿ ಬಿಡಿಸಿದ.

“ಕೇಳ್ಲಿ ಬಿಡವ್ವ,” ಎಂದ. “ಲೆಕ್ಕ ಇನ್ನೊಮ್ಮಿ ಮಾಡೂಣು.”